ಫಿಲ್ಲಿಂಗ್ ತಳದವರೆಗೆ ಗಟ್ಟಿಯಾಗಲಿ: ಹೊಸ ದಂತವೈದ್ಯರಿಗೆ ಸೂತ್ರಗಳು

ಕಾಂಪೋಸಿಟ್ ಫಿಲ್ಲಿಂಗ್ ಮುಗಿಸಿ, ಪ್ರೋಬಿನಿಂದ ಮೇಲೊಮ್ಮೆ ಗೀರಿ, ‘ಗಟ್ಟಿಯಾಗಿದೆ’ ಎಂದು ರೋಗಿಯನ್ನು ಕಳಿಸಿಬಿಡುವುದು ಸುಲಭ. ಆದರೆ ಆ ಗೀರು ಮೇಲ್ಮೈಯ ಸುದ್ದಿಯನ್ನಷ್ಟೇ ಹೇಳುತ್ತದೆ. ತಳ ಮೆತ್ತಗೇ ಉಳಿದಿದ್ದರೆ ಅಲ್ಲಿಂದಲೇ ಮತ್ತೆ ಹುಳುಕು ಶುರುವಾಗಬಹುದು.

1. ತಳಕ್ಕೆ ಬೆಳಕು ಮುಟ್ಟಿಸಿ. ಬಹುತೇಕ ಕಾಂಪೋಸಿಟ್‌ಗಳಲ್ಲಿರುವ ಕ್ಯಾಂಫರ್‌ಕ್ವಿನೋನ್ ಸುಮಾರು 470 ನ್ಯಾನೋಮೀಟರಿನ ನೀಲಿ ಬೆಳಕಿಗೆ ಎಚ್ಚೆತ್ತು ರೆಸಿನ್ ಅನ್ನು ಗಟ್ಟಿ ಮಾಡುತ್ತದೆ. ಆಳಕ್ಕೆ ಹೋದಂತೆ ಬೆಳಕು ಸೊರಗುತ್ತದೆ. ಆದ್ದರಿಂದ ಸಾಮಾನ್ಯ ಕಾಂಪೋಸಿಟ್‌ನ ಪದರ 2 ಮಿಲಿಮೀಟರ್ ದಾಟಬಾರದು. ತಳದ ಗಡಸುತನ ಮೇಲ್ಮೈಯದರ ಶೇ 80ರಷ್ಟಾದರೂ ಇರಬೇಕೆಂಬುದು ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಅಳತೆ. ದವಡೆ ಹಲ್ಲುಗಳ ಸಂದಿನ ಕುಳಿಯಲ್ಲಂತೂ ಲೈಟಿನ ತುದಿ ತಳದಿಂದ ಬಹಳ ದೂರ ಉಳಿಯುತ್ತದೆ. ಅಲ್ಲಿ ಮೊದಲ ಪದರಕ್ಕೆ ಹೆಚ್ಚು ಸಮಯ ಕೊಡಿ. ಮ್ಯಾಟ್ರಿಕ್ಸ್ ಬ್ಯಾಂಡ್ ತೆಗೆದ ಮೇಲೆ ಕೆನ್ನೆಯ ಕಡೆಯಿಂದಲೂ ನಾಲಿಗೆಯ ಕಡೆಯಿಂದಲೂ ಮತ್ತೊಮ್ಮೆ ಬೆಳಕು ಹಿಡಿಯಿರಿ. ಗಾಢ ಶೇಡ್‌ಗಳಿಗೂ ಸಮಯ ಹೆಚ್ಚಿಸಿ.

2. ಲೈಟನ್ನು ಕಣ್ಣಳತೆಯಲ್ಲಿ ನಂಬಬೇಡಿ. ಶಕ್ತಿ ಕುಂದಿದ ಲೈಟ್ ಕೂಡ ಕಣ್ಣಿಗೆ ಪ್ರಖರವಾಗಿಯೇ ಕಾಣುತ್ತದೆ. ರೇಡಿಯೋಮೀಟರಿನಿಂದ ಆಗಾಗ ಅಳೆಯಿರಿ, ತುದಿಗೆ ಅಂಟಿದ ರೆಸಿನ್ ತೆಗೆಯಿರಿ. ಕಿತ್ತಳೆ ಕನ್ನಡಕ ಹಾಕಿಕೊಂಡು, ಹಲ್ಲನ್ನೇ ನೋಡುತ್ತಾ ಲೈಟ್ ಹಿಡಿಯಿರಿ. ಮುಖ ಆಚೆ ತಿರುಗಿಸಿದರೆ ಕೈಯೂ ಜಾರುತ್ತದೆ.

3. ಫಿಲ್ಲರ್ ನೋಡಿ ಆರಿಸಿ. 1962ರಲ್ಲಿ ಅಮೆರಿಕದ ರಫೇಲ್ ಬೋವೆನ್ ಬಿಸ್-ಜಿಎಂಎ ರೆಸಿನ್‌ಗೆ ಪೇಟೆಂಟ್ ಪಡೆದ ಕಾಲದಿಂದಲೂ ಗಡಸುತನದ ಗುಟ್ಟು ಸಿಲಿಕಾ, ಗಾಜಿನ ಕಣಗಳಲ್ಲೇ ಇದೆ. ಕಾಂಕ್ರೀಟಿಗೆ ಜಲ್ಲಿ ಹೇಗೋ, ರೆಸಿನ್‌ಗೆ ಫಿಲ್ಲರ್ ಹಾಗೆ. ಎನಾಮೆಲ್‌ನ ವಿಕರ್ಸ್ ಗಡಸುತನ 300ರ ಆಸುಪಾಸು. ಬಹುಪಾಲು ಕಾಂಪೋಸಿಟ್‌ಗಳು ಅದರ ಅರ್ಧಕ್ಕೂ ಏರುವುದಿಲ್ಲ. ಹಾಗಿರುವಾಗ ಫಿಲ್ಲರ್ ಕಡಿಮೆಯಿರುವ ಸಾಮಾನ್ಯ ಫ್ಲೋಯೆಬಲ್ ಮೇಲೆ ಅಗಿಯುವ ಭಾರ ಹೊರಿಸುವುದು ಅನ್ಯಾಯ.

4. ಮೇಲಿನ ಅಂಟನ್ನು ಹಾಗೇ ಬಿಡಬೇಡಿ. ಗಾಳಿಯ ಆಮ್ಲಜನಕ ತಾಗಿದಲ್ಲಿ ರೆಸಿನ್ ಪೂರ್ತಿ ಗಟ್ಟಿಯಾಗದು. ಪದರಗಳ ನಡುವೆ ಈ ಅಂಟು ಉಪಕಾರಿ. ಕೊನೆಯ ಪದರಕ್ಕೆ ಮಾತ್ರ ಗ್ಲಿಸರಿನ್ ಜೆಲ್ ಸವರಿ ಇನ್ನೊಮ್ಮೆ ಕ್ಯೂರ್ ಮಾಡಿ.

5. ಮೈಲಾರ್ ಪಟ್ಟಿಯ ಹೊಳಪಿಗೆ ಮರುಳಾಗಬೇಡಿ. ಅಷ್ಟು ನುಣುಪು ಬೇರಾವುದರಿಂದಲೂ ಬರುವುದಿಲ್ಲ, ನಿಜ. ಆದರೆ ಅದರಡಿಯ ತೆಳು ಪದರದಲ್ಲಿ ರೆಸಿನ್ನೇ ಹೆಚ್ಚು, ಬೇಗ ಸವೆಯುತ್ತದೆ. ಅದನ್ನು ತೆಗೆದು ಪಾಲಿಶ್ ಮಾಡಿ.

6. ಡಿಸ್ಕ್‌ಗಳ ಸರದಿ ತಪ್ಪಿಸಬೇಡಿ. ಒರಟಿನಿಂದ ನುಣುಪಿಗೆ ಒಂದೊಂದಾಗಿ ಬನ್ನಿ, ನಡುನಡುವೆ ನೀರಿನಿಂದ ತೊಳೆಯಿರಿ. ಉಳಿದ ಒಂದು ಒರಟು ಕಣ ಸಾಕು, ಹೊಸ ಗೀರು ಬೀಳಲು. ಮೇಲ್ಮೈಯ ಸರಾಸರಿ ಒರಟುತನ 0.2 ಮೈಕ್ರೋಮೀಟರ್ ಮೀರಿದರೆ ಪ್ಲಾಕ್ ಹೆಚ್ಚು ಕೂರುತ್ತದೆ.

7. ರೋಗಿಗೆ ಬಿಡಿಸಿ ಹೇಳಿ. ಲೈಟ್ ಆರಿಸಿದ ಮೇಲೂ ಸುಮಾರು ಒಂದು ದಿನ ರೆಸಿನ್ ಗಟ್ಟಿಯಾಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಕಾಫಿ, ಟೀ, ಎಲೆ-ಅಡಿಕೆ ಬೇಡ. ಇದ್ದಿಲ ಪುಡಿಯಲ್ಲಿ ಹಲ್ಲುಜ್ಜುವವರಿಗೆ ಅದು ಫಿಲ್ಲಿಂಗ್‌ನ ಮೈಯನ್ನು ಹೇಗೆ ಉಜ್ಜಿಹಾಕುತ್ತದೆಂದು ತಿಳಿಸಿ. ಮದ್ಯಸಾರವಿರುವ ಮೌತ್‌ವಾಶ್ ರೆಸಿನ್ ಅನ್ನು ಮೆತ್ತಗಾಗಿಸುತ್ತದೆ, ಅದು ಇಲ್ಲದ್ದನ್ನೇ ಬರೆದುಕೊಡಿ. ತಪಾಸಣೆಗೆ ಬಂದಾಗ ಅಂಚು ಕಂದಿದ್ದರೆ ಇಡೀ ಫಿಲ್ಲಿಂಗ್ ಕೀಳುವ ಮೊದಲು ಪಾಲಿಶ್ ಮಾಡಿ ನೋಡಿ; ಬರೀ ಮೇಲಿನ ಕಲೆಯಾದರೆ ಅಷ್ಟಕ್ಕೇ ಹೋಗುತ್ತದೆ.