ದೂರದ ಗಣಕವನ್ನು ಕುಳಿತಲ್ಲಿಂದಲೇ ನಡೆಸುವ ಬಗೆ

ಮಂಗಳೂರಿಗೆ ಉತ್ತರದಲ್ಲಿ, ಅರಬ್ಬಿ ಸಮುದ್ರದ ತಡಿಯಲ್ಲಿರುವ ಸುರತ್ಕಲ್ಲಿನಲ್ಲಿ 1960ನೆಯ ಇಸವಿಯಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. 2002ರಲ್ಲಿ ಅದು ಕರ್ನಾಟಕ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್.ಐ.ಟಿ.ಕೆ., ಎನಿಸಿಕೊಂಡಿತು. ಮೊದಲ ವರ್ಷಗಳ ವಿದ್ಯಾರ್ಥಿಯು ಯಂತ್ರವೊಂದನ್ನು ನಡೆಸಿ ಕಲಿಯಬೇಕಾದರೆ ಅದಿರುವ ಕೊಠಡಿಗೆ ಹೋಗಲೇಬೇಕಾಗಿತ್ತು. ಇಂದು ಆ ನಿರ್ಬಂಧವು ಸಡಿಲವಾಗಿದೆ. ಕೇಂದ್ರ ಶಿಕ್ಷಣ ಸಚಿವಾಲಯದ ‘ವರ್ಚುವಲ್ ಲ್ಯಾಬ್ಸ್’ ಯೋಜನೆಯಲ್ಲಿ ಸುರತ್ಕಲ್ಲಿನ ಈ ಸಂಸ್ಥೆಯೂ ಸೇರಿದೆ. ಪ್ರಯೋಗವನ್ನು ಗಣಕದಲ್ಲಿ ಅನುಕರಿಸಿ ತೋರಿಸುವುದು ಆ ಯೋಜನೆಯ ಒಂದು ಬಗೆ. ನಿಜವಾದ ಉಪಕರಣವನ್ನೇ ದೂರದಿಂದ ಚಾಲನೆಗೊಳಿಸುವುದು ಇನ್ನೊಂದು ಬಗೆ. 2020ರ ಮಾರ್ಚ್ ತಿಂಗಳಲ್ಲಿ ದೇಶದ ಕಾಲೇಜುಗಳೆಲ್ಲ ಮುಚ್ಚಿ ವಿದ್ಯಾರ್ಥಿಗಳು ಊರು ಸೇರಿದಾಗ, ಇಂತಹ ಸಾಧನಗಳ ಬೆಲೆ ಏನೆಂಬುದು ಎಲ್ಲರಿಗೂ ಮನದಟ್ಟಾಯಿತು.

ಇವುಗಳಲ್ಲಿ ಅತ್ಯಂತ ಸರಳವಾದುದು, ದೂರದಲ್ಲಿರುವ ಗಣಕದ ಪರದೆಯನ್ನು ನಮ್ಮ ಪರದೆಯ ಮೇಲೆ ಕಂಡು ಅದನ್ನು ನಡೆಸುವ ತಂತ್ರಾಂಶ. ಕುಂದಾಪುರದ ಮನೆಗೆ ರಜೆಗೆಂದು ಬಂದ ವಿದ್ಯಾರ್ಥಿನಿಯೊಬ್ಬಳು ಸುರತ್ಕಲ್ಲಿನಲ್ಲಿ ಬಿಟ್ಟುಬಂದ ತನ್ನ ಗಣಕದಲ್ಲಿ ಲೆಕ್ಕವೊಂದನ್ನು ಮುಂದುವರಿಸಬೇಕಾಗಿದೆ ಎಂದು ಭಾವಿಸೋಣ. ಸುರತ್ಕಲ್ಲಿನದನ್ನು ‘ಆತಿಥೇಯ ಗಣಕ’ವೆಂದೂ ಅವಳ ಮುಂದಿರುವುದನ್ನು ‘ವೀಕ್ಷಕ ಗಣಕ’ವೆಂದೂ ಕರೆಯೋಣ.

ಮೂಲತತ್ತ್ವ

ಇಲ್ಲಿ ನಡೆಯುವ ಕಾರ್ಯಗಳು ಎರಡೇ. ವೀಕ್ಷಕ ಗಣಕದಿಂದ ಕೀಲಿಮಣೆಯ ಒತ್ತುಗಳೂ ಮೌಸಿನ ಚಲನೆಗಳೂ ಆ ಕಡೆಗೆ ಹೋಗುತ್ತವೆ. ಆತಿಥೇಯ ಗಣಕದ ಪರದೆಯ ಚಿತ್ರವು ಈ ಕಡೆಗೆ ಬರುತ್ತದೆ. ಲೆಕ್ಕವೆಲ್ಲ ನಡೆಯುವುದು ಸುರತ್ಕಲ್ಲಿನಲ್ಲಿಯೇ.

ಹೋಗುವ ಸಂದೇಶಗಳು ತೀರ ಸಣ್ಣವು. ಬರುವ ಚಿತ್ರವು ಬಲು ದೊಡ್ಡದು. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಣ್ಣದ ಚುಕ್ಕೆಗಳಿರುತ್ತವೆ. ಚುಕ್ಕೆಗೆ 3 ಬೈಟ್‌ಗಳಂತೆ ಒಂದು ಚಿತ್ರಕ್ಕೆ 62,20,800 ಬೈಟ್‌ಗಳು ಬೇಕು. ಸೆಕೆಂಡಿಗೆ 30 ಚಿತ್ರಗಳನ್ನು ಇದ್ದಂತೆಯೇ ಕಳುಹಿಸಿದರೆ ಸುಮಾರು 149 ಕೋಟಿ ಬಿಟ್‌ಗಳಾಗುತ್ತವೆ. ಸೆಕೆಂಡಿಗೆ 5 ಕೋಟಿ ಬಿಟ್‌ಗಳನ್ನು ಸಾಗಿಸುವ ಮನೆಯ ಸಂಪರ್ಕಕ್ಕೆ ಇದು ಸುಮಾರು ಮೂವತ್ತು ಪಟ್ಟು ಹೊರೆ. ಆದುದರಿಂದ ತಂತ್ರಾಂಶವು ಪರದೆಯಲ್ಲಿ ಬದಲಾದ ಭಾಗವನ್ನು ಮಾತ್ರ ಆಯ್ದು, ಅದನ್ನೂ ಸಂಕುಚಿತಗೊಳಿಸಿ ಕಳುಹಿಸುತ್ತದೆ. ಅಕ್ಷರ ಟೈಪು ಮಾಡುವಾಗ ಚುರುಕಾಗಿರುವ ಪರದೆಯು ಚಲನಚಿತ್ರವನ್ನು ತೆರೆದೊಡನೆ ತೊದಲುವುದಕ್ಕೆ ಇದೇ ಕಾರಣ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಲಿವೆಟ್ಟಿ ಸಂಶೋಧನಾಲಯದವರು ಈ ತತ್ತ್ವವನ್ನು ಆಧರಿಸಿ ರಚಿಸಿ, 1998ರಲ್ಲಿ ಲೋಕಕ್ಕೆ ತಿಳಿಯಪಡಿಸಿದ ವಿ.ಎನ್.ಸಿ. ಪದ್ಧತಿಯು ಇಂದಿಗೂ ಬಳಕೆಯಲ್ಲಿದೆ. ವಿಂಡೋಸ್ ಗಣಕಗಳಲ್ಲಿರುವುದು ಆರ್.ಡಿ.ಪಿ. ಎಂಬ ಇನ್ನೊಂದು ಪದ್ಧತಿ.

ಸಿದ್ಧತೆ

ಸಂಪರ್ಕಕ್ಕೆ ಮೂರು ಅಂಗಗಳು ಅವಶ್ಯ: ವಿಳಾಸ, ಬಾಗಿಲು, ಬೀಗದ ಕೈ. ಐ.ಪಿ. ಸಂಖ್ಯೆಯು ಗಣಕದ ವಿಳಾಸ. ‘ಪೋರ್ಟ್’ ಎಂಬ ಸಂಖ್ಯೆಯು ಬಾಗಿಲು, ರೂಢಿಯಂತೆ ಆರ್.ಡಿ.ಪಿ.ಗೆ 3389, ವಿ.ಎನ್.ಸಿ.ಗೆ 5900. ಬಳಕೆದಾರನ ಹೆಸರು ಮತ್ತು ಗುಪ್ತಪದಗಳು ಸೇರಿ ಬೀಗದ ಕೈ.

ಮೊದಲು ಆತಿಥೇಯ ಗಣಕದಲ್ಲಿ ದೂರನಿಯಂತ್ರಣಕ್ಕೆ ಅನುಮತಿ ಕೊಡಬೇಕು. ವಿಂಡೋಸಿನ ‘ಪ್ರೊ’ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನ ‘ರಿಮೋಟ್ ಡೆಸ್ಕ್‌ಟಾಪ್’ ಎಂಬಲ್ಲಿ ಇದಕ್ಕೆ ಅವಕಾಶವಿದೆ. ‘ಹೋಮ್’ ಆವೃತ್ತಿಯು ವೀಕ್ಷಕವಾಗಬಲ್ಲುದೇ ಹೊರತು ಆರ್.ಡಿ.ಪಿ.ಯ ಆತಿಥೇಯವಾಗಲಾರದು. ಗಣಕವು ನಿದ್ರಾಸ್ಥಿತಿಗೆ ಜಾರದಂತೆಯೂ ಏರ್ಪಡಿಸತಕ್ಕದ್ದು.

ಇನ್ನು ವಿಳಾಸದ ತೊಡಕು. 192.168 ಅಥವಾ 10 ಎಂಬ ಸಂಖ್ಯೆಯಿಂದ ಮೊದಲಾಗುವ ವಿಳಾಸಗಳು ಆಯಾ ಕಟ್ಟಡದ ಒಳಬಳಕೆಗೆ ಮೀಸಲಾದವು. ಪ್ರತಿಯೊಂದು ವಿದ್ಯಾರ್ಥಿನಿಲಯದಲ್ಲಿಯೂ 12ನೆಯ ಕೊಠಡಿ ಇರುವುದಷ್ಟೆ! ಬರಿಯ ‘ಕೊಠಡಿ 12’ ಎಂದು ಬರೆದ ಕಾಗದವನ್ನು ಅಂಚೆಯವನು ಎಲ್ಲಿಗೆಂದು ಮುಟ್ಟಿಸಿಯಾನು? ಹಾಗೆಯೇ ಕುಂದಾಪುರದಿಂದ ಒಳವಿಳಾಸಕ್ಕೆ ಕಳುಹಿಸಿದ ಸಂದೇಶವು ಸುರತ್ಕಲ್ಲನ್ನು ಸೇರಲಾರದು. ಇದಕ್ಕೆ ಪರಿಹಾರಗಳೆರಡು. ಸಂಸ್ಥೆಯು ಒದಗಿಸುವ ವಿ.ಪಿ.ಎನ್. ಎಂಬ ಖಾಸಗಿ ಸುರಂಗದ ಮೂಲಕ ಒಳಜಾಲವನ್ನು ಸೇರುವುದು ಒಂದು. ಎರಡೂ ಗಣಕಗಳು ಹೊರಗಿನ ಮಧ್ಯವರ್ತಿ ಗಣಕವೊಂದಕ್ಕೆ ಕರೆ ಮಾಡಿ ಅಲ್ಲಿ ಸಂಧಿಸುವುದು ಇನ್ನೊಂದು. ಟೀಮ್‌ವ್ಯೂವರ್, ಎನಿಡೆಸ್ಕ್ ಮೊದಲಾದವು ಈ ಎರಡನೆಯ ಬಗೆಯವು. ರೂಟರಿನಲ್ಲಿ 3389ನೆಯ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಡುವ ಮೂರನೆಯ ದಾರಿಯನ್ನು ಹಿಡಿಯಲಾಗದು; ತೆರೆದ ಬಾಗಿಲುಗಳನ್ನು ಹುಡುಕುತ್ತ ಅಲೆಯುವ ತಂತ್ರಾಂಶಗಳಿಗೆ ಅಂತರ್ಜಾಲದಲ್ಲಿ ಕೊರತೆಯಿಲ್ಲ. ಯಾವ ದಾರಿಯೇ ಆಗಲಿ, ಸಂಸ್ಥೆಯ ಜಾಲದಲ್ಲಿ ಮೇಲ್ವಿಚಾರಕರ ಅನುಮತಿ ಪಡೆದೇ ನಡೆಯಬೇಕು.

ದೋಷವನ್ನು ಹುಡುಕುವ ಕ್ರಮ

ಸಂಪರ್ಕವು ಕೂಡಿಬರದಾಗ ಕಂಡ ಗುಂಡಿಗಳನ್ನೆಲ್ಲ ಒತ್ತುವುದು ವ್ಯರ್ಥ. ದೂರನಿಯಂತ್ರಣವು ಹಲವು ಕೊಂಡಿಗಳ ಸರಪಳಿ. ಒಂದೊಂದೇ ಕೊಂಡಿಯನ್ನು ಕ್ರಮವಾಗಿ ಪರೀಕ್ಷಿಸಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು.

1. ಆತಿಥೇಯ ಗಣಕವು ಎಚ್ಚರವಾಗಿದೆಯೆ? ಕರಾವಳಿಯ ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬರುವುದು ಹೊಸತಲ್ಲ. ವಿದ್ಯುತ್ತು ಮರಳಿದರೂ ಗಣಕವು ತಾನಾಗಿ ಏಳದೆ ಇರಬಹುದು.

2. ವಿಳಾಸವು ಅದೇ ಇದೆಯೆ? ರೂಟರು ಮರುಚಾಲನೆಗೊಂಡಾಗ ಗಣಕಕ್ಕೆ ಬೇರೆ ವಿಳಾಸ ದೊರೆಯುವುದುಂಟು. ರೂಟರಿನಲ್ಲಿಯೇ ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ತಪ್ಪುವುದು.

3. ಬಾಗಿಲು ತೆರೆದಿದೆಯೆ? ಇಲ್ಲಿ ವಿಫಲತೆಯ ರೀತಿಯೇ ಕಾರಣವನ್ನು ಸೂಚಿಸುತ್ತದೆ. ‘ನಿರಾಕರಿಸಲಾಗಿದೆ’ ಎಂಬ ಉತ್ತರವು ತಟ್ಟನೆ ಬಂದರೆ, ಸಾಮಾನ್ಯವಾಗಿ ಗಣಕವನ್ನು ತಲುಪಿದ್ದೇವೆ, ಆದರೆ ಅಲ್ಲಿ ತಂತ್ರಾಂಶವು ನಡೆಯುತ್ತಿಲ್ಲ ಎಂದರ್ಥ. ಬಹಳ ಹೊತ್ತು ಕಾದು ‘ಸಮಯ ಮೀರಿತು’ ಎಂದು ಬಂದರೆ, ವಿಳಾಸವು ತಪ್ಪಿರಬೇಕು, ಇಲ್ಲವೆ ಫೈರ್‌ವಾಲ್ ಎಂಬ ಕಾವಲು ತಂತ್ರಾಂಶವು ಸಂದೇಶವನ್ನು ಸದ್ದಿಲ್ಲದೆ ತಡೆದಿರಬೇಕು. ‘ಪಿಂಗ್’ ಪರೀಕ್ಷೆಗೆ ಉತ್ತರ ಬರಲಿಲ್ಲವೆಂಬುದರಿಂದಲೇ ಗಣಕವು ಸತ್ತಿದೆಯೆಂದು ನಿರ್ಣಯಿಸಲಾಗದು. ಫೈರ್‌ವಾಲ್ ಪಿಂಗನ್ನು ಮಾತ್ರ ತಡೆದಿರಬಹುದು.

4. ಬೀಗದ ಕೈ ಸರಿಯಾಗಿದೆಯೆ? ದಿನವೂ ಗಣಕವನ್ನು ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಆರ್.ಡಿ.ಪಿ.ಯಲ್ಲಿ ನಡೆಯದು, ಪೂರ್ಣ ಗುಪ್ತಪದವೇ ಬೇಕು. ಗುಪ್ತಪದವನ್ನೇ ಇಡದ ಖಾತೆಯನ್ನು ವಿಂಡೋಸ್ ಸಾಮಾನ್ಯವಾಗಿ ದೂರದಿಂದ ಒಳಬಿಡುವುದಿಲ್ಲ.

5. ಸಂಪರ್ಕವಾದರೂ ಮಂದವಾಗಿದೆಯೆ? ಪರದೆಯ ಅಳತೆಯನ್ನೂ ಬಣ್ಣಗಳ ಸಂಖ್ಯೆಯನ್ನೂ ತಗ್ಗಿಸಿ ನೋಡಬೇಕು. ಅದರಿಂದ ಗುಣ ಕಾಣದಿದ್ದರೆ ತೊಂದರೆಯು ದಾರಿಯ ವಿಳಂಬದಲ್ಲಿದೆ. ಬೆಳಕು ಗಾಜಿನ ತಂತುವಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕುಂದಾಪುರಕ್ಕೂ ಸುರತ್ಕಲ್ಲಿಗೂ ನಡುವಣ ದೂರವು ಅದಕ್ಕೆ ಒಂದು ಮಿಲಿಸೆಕೆಂಡಿನ ದಾರಿಯೂ ಅಲ್ಲ. ಆದರೆ ಸಂದೇಶವು ದೂರದ ಮಹಾನಗರವೊಂದನ್ನು ಸುತ್ತಿ ಬರುವುದುಂಟು. ದುರ್ಬಲವಾದ ವೈ-ಫೈಯೂ ಅದನ್ನು ತಡೆದು ನಿಲ್ಲಿಸೀತು.

ಎಲ್ಲಕ್ಕಿಂತ ಉಪಯುಕ್ತವಾದ ಉಪಾಯವೊಂದಿದೆ. ಆತಿಥೇಯ ಗಣಕದ ಸಮೀಪದಲ್ಲಿ, ಅದೇ ಜಾಲದಲ್ಲಿರುವ ಮಿತ್ರರೊಬ್ಬರಿಂದ ಪ್ರಯತ್ನ ಮಾಡಿಸಬೇಕು. ಅವರಿಗೆ ಸಾಧ್ಯವಾದರೆ ಗಣಕವು ನಿರ್ದೋಷಿ, ದೋಷವು ದಾರಿಯಲ್ಲಿ. ಸಾಧ್ಯವಾಗದಿದ್ದರೆ ಮೊದಲು ಗಣಕವನ್ನೇ ನೋಡಬೇಕು. ಹೀಗೆ ಒಂದೇ ಪರೀಕ್ಷೆಯಿಂದ ಹುಡುಕಾಟವು ಅರ್ಧಕ್ಕೆ ಇಳಿಯುವುದು.

ಎಚ್ಚರಿಕೆ

ಮನೆಯ ಬೀಗದ ಕೈಯನ್ನು ಹಿಡಿದವನು ಮನೆಯೊಳಗಿನದನ್ನೆಲ್ಲ ನೋಡಬಲ್ಲನು. 2019ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಈ ವಿಷಯವಾಗಿ ಎಚ್ಚರಿಕೆ ಕೊಟ್ಟಿತು: ವಂಚಕರು ಜನರನ್ನು ಪುಸಲಾಯಿಸಿ ಮೊಬೈಲಿನಲ್ಲಿ ಎನಿಡೆಸ್ಕ್ ತಂತ್ರಾಂಶವನ್ನು ಹಾಕಿಸಿ, ಅದರಲ್ಲಿ ಕಾಣುವ ಸಂಕೇತ ಸಂಖ್ಯೆಯನ್ನು ಕೇಳಿ ಪಡೆದು, ಫೋನನ್ನು ತಮ್ಮ ವಶಕ್ಕೆ ತೆಗೆದುಕೊಂಡು ಹಣವನ್ನು ಅಪಹರಿಸುತ್ತಿದ್ದರು. ಇಲ್ಲಿ ತಂತ್ರಾಂಶವು ಮಾಡಬೇಕಾದ ಕೆಲಸವನ್ನೇ ಮಾಡಿತು; ಬಾಗಿಲನ್ನು ತೆರೆದವರು ಮನೆಯವರೇ. ಆದುದರಿಂದ ಬ್ಯಾಂಕಿನವರೆಂದೋ ರಿಪೇರಿಯವರೆಂದೋ ಹೇಳಿಕೊಂಡು ಕರೆಮಾಡುವ ಅಪರಿಚಿತರಿಗೆ ಆ ಸಂಖ್ಯೆಯನ್ನು ಎಂದಿಗೂ ಹೇಳಕೂಡದು. ಈ ಮಾತನ್ನು ವಿದ್ಯಾರ್ಥಿಗಳು ಮನೆಯ ಹಿರಿಯರಿಗೂ ತಿಳಿಸುವುದು ಅಗತ್ಯ. ಕೆಲಸ ಮುಗಿದೊಡನೆ ಸಂಪರ್ಕವನ್ನು ಕಡಿಯುವುದನ್ನೂ ಬೇಡವಾದ ಅನುಮತಿಯನ್ನು ಹಿಂತೆಗೆಯುವುದನ್ನೂ ರೂಢಿ ಮಾಡಿಕೊಳ್ಳಬೇಕು.

ಅಭ್ಯಾಸ

ಒಂದೇ ಕೊಠಡಿಯಲ್ಲಿ ಎರಡು ಗಣಕಗಳನ್ನಿಟ್ಟು ಒಂದರಿಂದ ಇನ್ನೊಂದನ್ನು ನಡೆಸಿ ನೋಡಿರಿ. ಬಳಿಕ ಬೇಕೆಂದೇ ಒಂದೊಂದು ಕೊಂಡಿಯನ್ನು ಕಳಚಿರಿ: ಒಮ್ಮೆ ಗಣಕವನ್ನು ನಿದ್ರೆಗೆ ಕಳುಹಿಸಿರಿ, ಒಮ್ಮೆ ದೂರನಿಯಂತ್ರಣದ ಅನುಮತಿಯನ್ನು ತೆಗೆಯಿರಿ, ಒಮ್ಮೆ ತಪ್ಪು ಗುಪ್ತಪದವನ್ನು ಕೊಡಿರಿ. ಪ್ರತಿ ಸಾರಿಯೂ ಪರದೆಯ ಮೇಲೆ ಬಂದ ಸಂದೇಶವನ್ನೂ ಅದಕ್ಕೆ ಹಿಡಿದ ಕಾಲವನ್ನೂ ಪುಸ್ತಕದಲ್ಲಿ ಬರೆದಿಡಿರಿ. ಮುಂದೆ ನಿಜವಾದ ದೋಷವು ಎದುರಾದಾಗ ಆ ಪಟ್ಟಿಯೇ ನಿಮಗೆ ದಾರಿ ತೋರಿಸುವುದು.