ಇಸವಿಯ ಹಿಂದಿರುವ ಕಾರಣ ಹುಡುಕಿ

ಮದ್ದೂರು ಸೀಮೆಯ ಪಿಯುಸಿ ಮಕ್ಕಳೇ,

ಆಧುನಿಕ ಜಗತ್ತಿನ ಇತಿಹಾಸದ ಪುಸ್ತಕ ತೆರೆದರೆ ಪ್ಯಾರಿಸ್, ಬರ್ಲಿನ್, ಮಾಸ್ಕೋಗಳ ಹೆಸರುಗಳೇ ಎದುರಾಗುತ್ತವೆ. ಅವೆಲ್ಲ ಯಾವುದೋ ದೇಶದ ಕಥೆ, ಪರೀಕ್ಷೆ ಮುಗಿಯುವ ತನಕ ನೆನಪಿದ್ದರೆ ಸಾಕು ಎಂದುಕೊಳ್ಳಬೇಡಿ. ಆ ಇತಿಹಾಸ ನಮ್ಮ ಗದ್ದೆ ಬಯಲನ್ನೂ ಮುಟ್ಟಿದೆ.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದ ಮೇಲೆ ಲೋಕದ ಎಲ್ಲೆಡೆ ಬೆಳೆಗಳ ಬೆಲೆ ನೆಲಕಚ್ಚಿತು. ಜಾವಾ ದ್ವೀಪದ ಅಗ್ಗದ ಸಕ್ಕರೆ ನಮ್ಮ ದೇಶದ ಪೇಟೆಗೆ ಬಂದು ಬೀಳುತ್ತಿತ್ತು. ಅದನ್ನು ತಡೆಯಲು 1932ರಲ್ಲಿ ಸಕ್ಕರೆ ಉದ್ಯಮದ ರಕ್ಷಣೆಗೆ ಆಮದು ಸುಂಕದ ಕಾಯ್ದೆ ಬಂತು. ದೇಶದಲ್ಲಿ ಕಾರ್ಖಾನೆಗಳು ಏಳತೊಡಗಿದವು. ಕನ್ನಂಬಾಡಿ ಅಣೆಕಟ್ಟೆಯ ನೀರು ನಾಲೆಗೆ ಹರಿದಿದ್ದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಣೆಕಟ್ಟೆ, ನಾಲೆ, ಸುಂಕ, ಪೇಟೆ ಈ ನಾಲ್ಕನ್ನೂ ಕೂಡಿಸಿ ಓದಿದರೇನೇ ಇಲ್ಲಿ ಕಬ್ಬು ಬೇರೂರಿದ ಬಗೆ ಅರ್ಥವಾಗುವುದು. ಒಂದು ಘಟನೆಗೆ ಒಂದೇ ಕಾರಣ ಬರೆದು ಮುಗಿಸುವ ಅಭ್ಯಾಸ ಬಿಡಿ.

ಇನ್ನು ನಮ್ಮ ಶಿವಪುರ. 1937ರ ಚುನಾವಣೆಯ ನಂತರ ಬ್ರಿಟಿಷ್ ಆಳ್ವಿಕೆಯ ಹಲವು ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳೇ ಬಂದವು. ಪಕ್ಕದ ಮದರಾಸಿನಲ್ಲಿ ಜನ ಆರಿಸಿದವರು ಆಳುವಾಗ ಮೈಸೂರಿನಲ್ಲಿ ಮಾತ್ರ ಮಹಾರಾಜರೇ ನೇಮಿಸಿದ ದಿವಾನರು ಏಕೆ ಆಳಬೇಕು? ಈ ಪ್ರಶ್ನೆಯಿಂದಲೂ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಬಲ ಬಂತು. 1938ರ ಏಪ್ರಿಲ್ 11ರಂದು ಶಿವಪುರದಲ್ಲಿ ನಡೆದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ನಿಷೇಧಾಜ್ಞೆಯನ್ನು ಮೀರಿ, ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ತ್ರಿವರ್ಣ ಧ್ವಜ ಏರಿಸಿ ಬಂಧನಕ್ಕೊಳಗಾದರು. ಎರಡು ವಾರದಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ, ರಾಜ್ಯದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ ಅಕ್ಟೋಬರ್ ತನಕ ಕಾಯಬೇಕಾಯಿತು.

ವಿದುರಾಶ್ವತ್ಥದಲ್ಲಿ ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಇಂಥ ಕಡೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ. ಯಾರು ಬರೆದರು, ಯಾವಾಗ ಬರೆದರು, ಯಾರಿಗಾಗಿ ಬರೆದರು ಎಂದು ಕೇಳಿ. ರಷ್ಯಾದ ಕ್ರಾಂತಿಯ ಬಗ್ಗೆಯಾಗಲಿ, ಮಹಾಯುದ್ಧಗಳ ಬಗ್ಗೆಯಾಗಲಿ ಓದುವಾಗಲೂ ಇದೇ ಮೂರು ಪ್ರಶ್ನೆ ಸಾಕು. ಮೊಬೈಲಿನಲ್ಲಿ ಬಂದ ಇತಿಹಾಸಕ್ಕಂತೂ ಈ ಪ್ರಶ್ನೆ ಕೇಳದೆ ತಲೆಯಾಡಿಸಬೇಡಿ.

ಇಸವಿಗಳು ಬೇಡವೆಂದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದಿದ್ದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೂ ತಿಳಿಯದು. ಪ್ರತಿ ಪಾಠ ಮುಗಿದಾಗ ಒಂದು ಪುಟ ಸ್ವಂತ ಮಾತಿನಲ್ಲಿ ಬರೆಯಿರಿ: ಏನಾಯಿತು, ಏಕಾಯಿತು, ಆ ಹೊತ್ತಿಗೆ ನಮ್ಮೂರಲ್ಲಿ ಏನು ನಡೆದಿತ್ತು. ಗೈಡ್ ನೋಡಿ ಬರೆದದ್ದು ಪರೀಕ್ಷೆಯ ಕೋಣೆಯ ತನಕ ಬಂದೀತು. ಯೋಚಿಸಿ ಬರೆದದ್ದು ಓಟು ಹಾಕುವ ವಯಸ್ಸಿನಲ್ಲೂ ಜೊತೆಗಿರುತ್ತದೆ.

ಈ ಭಾನುವಾರವೇ ಗೆಳೆಯರನ್ನು ಕೂಡಿಕೊಂಡು ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋಗಿ ಬನ್ನಿ. ಹೋಗುವಾಗ ನೋಟ್ ಪುಸ್ತಕ ಮರೆಯಬೇಡಿ.