ಯಾದಿ ಮತ್ತು ಕಪಾಟು

ಗ್ರಂಥವಿದ್ದರೆ ಸಾಲದು, ಬೇಕಾದಾಗ ಅದು ಕೈಗೆ ಸಿಗಬೇಕು. ಸಿಗದ ಗ್ರಂಥವು ಇದ್ದೂ ಇಲ್ಲದಂತೆಯೇ ಸರಿ. ಈ ಮಾತನ್ನು ಒಪ್ಪದವರಾರು? ಆದರೆ ನಾನು ಇದನ್ನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪನ್ನೂ ಅದನ್ನು ತಿದ್ದಿದ ಬಗೆಯನ್ನೂ ಸಹಪಾಠಿಗಳ ಮುಂದೆ ಯಥಾಮತಿ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆ ಮಾಳಮಡ್ಡಿಯಲ್ಲಿದೆ. ಹತ್ತಿರದ ಓಣಿಯ ಸಣ್ಣ ವಾಚನಾಲಯವೊಂದರಲ್ಲಿ ನಾನು ಸಂಜೆ ಎರಡು ತಾಸು ಕೆಲಸ ಮಾಡುತ್ತೇನೆ. ಅಲ್ಲಿ ಸುಮಾರು ಸಾವಿರ ಪುಸ್ತಕಗಳಿವೆ. ಅವುಗಳ ಯಾದಿಯು ಹಳೆಯ ಗಣಕಯಂತ್ರವೊಂದರಲ್ಲಿದೆ. ಅದರ ಮುದ್ರಿತ ಪ್ರತಿಯನ್ನು ನಾನೇ ತೆಗೆದು ಮೇಜಿನ ಮೇಲಿಟ್ಟಿದ್ದೆ. ಹೋದ ವರ್ಷ ಪರೀಕ್ಷೆಗೆ ಎಂಟು ದಿನವಿರುವಾಗ ಕಿರಿಯ ವಿದ್ಯಾರ್ಥಿನಿಯೊಬ್ಬಳು ಬಂದು ಹಳಗನ್ನಡ ವ್ಯಾಕರಣದ ಪುಸ್ತಕವನ್ನು ಕೇಳಿದಳು. ಕರೆಂಟು ಹೋಗಿದ್ದುದರಿಂದ ಮುದ್ರಿತ ಪ್ರತಿಯನ್ನೇ ತೆರೆದೆ. ‘ಹವ’, ‘ಹಸ’ ಎಂದು ಮೊದಲಾಗುವ ಹೆಸರುಗಳನ್ನು ದಾಟಿ ನೋಡಿದೆ. ‘ಹಳ’ ಎಂಬುದು ಅಲ್ಲಿರಲಿಲ್ಲ. “ಇಲ್ಲವಾ ತಂಗಿ, ಆ ಪುಸ್ತಕ ನಮ್ಮ ಹಂತ್ಯಾಕ ಇಲ್ಲ” ಎಂದೆ. ಅವಳು ಬರಿಗೈಯಲ್ಲಿ ಹೋದಳು. ಪರೀಕ್ಷೆಗಳು ಮುಗಿದ ಮೇಲೆ ಧೂಳು ಝಾಡಿಸುವಾಗ ಅದೇ ಪುಸ್ತಕ ನನ್ನ ಕೈಗೆ ಬಂದಿತು!

ಕಾರಣವನ್ನು ಹುಡುಕಿದೆ. ಯಾದಿಯಲ್ಲಿ ಆ ಹೆಸರು ಇದ್ದೇ ಇದ್ದಿತು. ಆದರೆ ‘ಹವ’ಕ್ಕಿಂತ ಹಿಂದೆ, ಬೇರೊಂದು ಪುಟದಲ್ಲಿ. ನಮ್ಮ ಅಕ್ಷರಮಾಲೆಯಲ್ಲಿ ‘ಹ’ ಆದ ಮೇಲೆ ‘ಳ’ ಬರುತ್ತದೆ. ಆದರೆ ಯಂತ್ರವು ಅಕ್ಷರಗಳನ್ನು ಅರಿಯದು, ಅಂಕೆಗಳನ್ನು ಮಾತ್ರ ಅರಿಯುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ‘ಲ’ಕ್ಕೆ 3250, ‘ಳ’ಕ್ಕೆ 3251, ‘ವ’ಕ್ಕೆ 3253, ‘ಹ’ಕ್ಕೆ 3257 ಎಂಬ ಸಂಖ್ಯೆಗಳಿವೆ. ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ‘ಳ’ವು ‘ವ’ಕ್ಕಿಂತ ಮೊದಲೇ ಬರುತ್ತದೆ. ನಮ್ಮ ಮಾಳಮಡ್ಡಿಯೂ ಮಾವಿನ ಹಿಂದೆ ಹೋಗಿ ನಿಲ್ಲುತ್ತದೆ. ಅಕ್ಷರಮಾಲೆಯ ಕ್ರಮವನ್ನು ಯಂತ್ರಕ್ಕೆ ಬೇರೆಯಾಗಿ ತಿಳಿಸಬೇಕಾಗುತ್ತದೆ. ನಾನು ತಿಳಿಸಿರಲಿಲ್ಲ.

ಕ್ರಮ ತಪ್ಪಿದರೆ ಯಂತ್ರಕ್ಕೂ ಇದೇ ಗತಿ. ಅದು ಕ್ರಮಬದ್ಧ ಯಾದಿಯ ನಡುವಿನ ಹೆಸರನ್ನು ನೋಡಿ, ಬೇಕಾದದ್ದು ಹಿಂದಿದೆಯೋ ಮುಂದಿದೆಯೋ ಎಂದು ನಿರ್ಧರಿಸಿ, ಉಳಿದರ್ಧವನ್ನು ಬಿಟ್ಟುಬಿಡುತ್ತದೆ. ಹೀಗೆ ಮಾಡುತ್ತ ಸಾವಿರ ಹೆಸರುಗಳಲ್ಲಿ ಒಂದನ್ನು ಹತ್ತೇ ಹೋಲಿಕೆಗಳಲ್ಲಿ ಹಿಡಿಯಬಲ್ಲದು. ಆದರೆ ಯಾದಿಯನ್ನು ಜೋಡಿಸಿದ ಕ್ರಮ ಒಂದು, ಹುಡುಕುವ ಕ್ರಮ ಇನ್ನೊಂದು ಆದರೆ, ಇದ್ದುದನ್ನೂ ಇಲ್ಲವೆನ್ನುತ್ತದೆ. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಅಕ್ಷರಕ್ರಮದ ನಿಯಮಗಳು ಬದಲಾದಾಗ, ಪೋಸ್ಟ್‌ಗ್ರೆಸ್ ದತ್ತಸಂಗ್ರಹಗಳನ್ನು ಇಟ್ಟುಕೊಂಡವರು ಇದೇ ಕಾರಣಕ್ಕಾಗಿ ಸೂಚಿಗಳನ್ನು ಹೊಸದಾಗಿ ಕಟ್ಟಬೇಕಾಯಿತು.

ಗಣಕಯಂತ್ರದ ಚರಿತ್ರೆಯಲ್ಲಿ ಈ ತೊಂದರೆ ಹಳೆಯದು. 1978ರಲ್ಲಿ ಶಿಕಾಗೋ ನಗರದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್ ಎಂಬಿಬ್ಬರು ದೂರವಾಣಿಯ ತಂತಿಗೆ ಗಣಕಯಂತ್ರವನ್ನು ಜೋಡಿಸಿ ‘ಬುಲೆಟಿನ್ ಬೋರ್ಡ್’ ಒಂದನ್ನು ಆರಂಭಿಸಿದರು. ಅಂತಹ ಫಲಕಗಳು ಮುಂದೆ ಅನೇಕವಾದವು. ದೂರದವರು ಕರೆಮಾಡಿ ಅಲ್ಲಿ ಸಂದೇಶಗಳನ್ನು ಓದುವರು, ಕಡತಗಳನ್ನು ಇಳಿಸಿಕೊಳ್ಳುವರು. ಡಾಸ್ ಯಂತ್ರಗಳಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರ, ಇಷ್ಟೇ ಅವಕಾಶ. ಹೆಸರಿನಿಂದ ಒಳಗಿನ ವಿಷಯ ತಿಳಿಯದು. ಆದುದರಿಂದ ವಿವರಣೆಯುಳ್ಳ ಯಾದಿಯೇ ಅಲ್ಲಿ ಕಣ್ಣು. ಫಲಕದ ಚಾಲಕನು ಕಡತವನ್ನು ಅಳಿಸಿ ಯಾದಿಯನ್ನು ತಿದ್ದದಿದ್ದರೆ ಕರೆಮಾಡಿದವನ ಹಣ ವ್ಯರ್ಥ. ಕಡತವನ್ನಿಟ್ಟು ಯಾದಿಯಲ್ಲಿ ಬರೆಯದಿದ್ದರೆ ಇಟ್ಟದ್ದೇ ವ್ಯರ್ಥ.

ಹಾಗಾದರೆ ಪರಿಹಾರವೇನು? ಮೊದಮೊದಲು ನಾನು ಯಾದಿಯಲ್ಲಿ ಅಲ್ಲಲ್ಲಿ ತೇಪೆ ಹಚ್ಚಿದೆ. ಅದರಿಂದ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ಯಾದಿಯನ್ನು ಪೂರ್ಣವಾಗಿ ಹೊಸದಾಗಿ ಕಟ್ಟಲು ನಿಶ್ಚಯಿಸಿದೆ. ಮೊದಲನೆಯದಾಗಿ, ಹಳೆಯ ಯಾದಿಯ ಪ್ರತಿಯೊಂದನ್ನು ಬೇರೆ ತೆಗೆದಿಟ್ಟೆ. ಎರಡನೆಯದಾಗಿ, ಕೆಲಸ ಮುಗಿಯುವವರೆಗೆ ಪುಸ್ತಕಗಳ ಕೊಡುಕೊಳ್ಳುವಿಕೆಯನ್ನು ಪ್ರತ್ಯೇಕ ವಹಿಯಲ್ಲಿ ಬರೆದೆ. ಮೂರನೆಯದಾಗಿ, ಹಳೆಯ ಯಾದಿಯನ್ನು ನೋಡದೆ ಕಪಾಟಿನಿಂದ ಒಂದೊಂದೇ ಪುಸ್ತಕ ತೆಗೆದು, ಅದರ ಮುಖಪುಟದಿಂದಲೇ ಹೆಸರನ್ನೂ ಕರ್ತೃವನ್ನೂ ಬರೆದುಕೊಂಡೆ. ನಾಲ್ಕನೆಯದಾಗಿ, ಎರಡು ಯಾದಿಗಳನ್ನೂ ಹೋಲಿಸಿದೆ.

ಯಾದಿಯಲ್ಲಿದ್ದು ಕಪಾಟಿನಲ್ಲಿಲ್ಲದವು 14. ಅವನ್ನು ಒಡನೆಯೇ ಹೊಡೆದುಹಾಕಿದ್ದರೆ ಎರಡನೆಯ ತಪ್ಪಾಗುತ್ತಿತ್ತು. ವಹಿಯನ್ನು ನೋಡಲಾಗಿ 9 ಪುಸ್ತಕಗಳು ಓದುಗರ ಮನೆಗಳಲ್ಲಿದ್ದವು. ಕಪಾಟಿನಲ್ಲಿದ್ದು ಯಾದಿಯಲ್ಲಿ ಕಾಣದವು 23. ಇವುಗಳಲ್ಲಿ ಕೆಲವನ್ನು ಹಿಂದಿನವರು ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಅಂತಹ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಯೂನಿಕೋಡಿನಲ್ಲಿ ಹುಡುಕಿದರೆ ಅವು ಸಿಗುವುದೆಂತು? ಅವನ್ನು ಪರಿವರ್ತಿಸಿ, ಎಲ್ಲವನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ. ಕಡೆಗೆ ಕಪಾಟಿನಿಂದ ಹತ್ತು ಪುಸ್ತಕ ತೆಗೆದು ಯಾದಿಯಲ್ಲಿಯೂ, ಯಾದಿಯಿಂದ ಹತ್ತು ಹೆಸರು ಆರಿಸಿ ಕಪಾಟಿನಲ್ಲಿಯೂ ಹುಡುಕಿ ಪರೀಕ್ಷಿಸಿದೆ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂದು ವಿಧಿಸುತ್ತದೆ. ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕರೆಯುತ್ತದೆ. ಬೆಳೆಯುವುದರ ಯಾದಿಯು ಒಮ್ಮೆ ಬರೆದು ಮುಗಿಯುವಂಥದಲ್ಲವೆಂದು ಈಗ ನನಗೆ ಅರ್ಥವಾಗಿದೆ.

ಈ ಪಾಠವು ನಮ್ಮ ಮನೆಯಲ್ಲಿಯೇ ಇದ್ದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಓದು ಬರಹ ಬಾರದು. ಕಿರಾಣಿ ಸಾಮಾನಿನ ಯಾದಿಯನ್ನು ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಮ್ಮೆ ನಾನು, “ಹ್ವಾದ ತಿಂಗಳ ಯಾದಿನ ಐತಲ್ಲವಾ, ಅದನ್ನ ನೋಡಿ ತರತೇನಿ” ಎಂದಾಗ ಅವಳು, “ಯಾದಿ ಏನ್ ನೋಡ್ತೀಯೋ, ಡಬ್ಬಿ ತಗದು ನೋಡು” ಎಂದಿದ್ದಳು. ಅಂದು ನಕ್ಕಿದ್ದೆ.

ಆ ವಿದ್ಯಾರ್ಥಿನಿಗೆ ಪುಸ್ತಕವನ್ನು ಈ ವರ್ಷ ಕೊಟ್ಟೆ, ಕ್ಷಮೆಯನ್ನೂ ಕೇಳಿದೆ. ಹೋದ ಪರೀಕ್ಷೆಯನ್ನು ಮಾತ್ರ ಹಿಂದಿರುಗಿಸಲಾರೆ. ಆದುದರಿಂದ ಮಿತ್ರರೇ, ‘ಇಲ್ಲ’ ಎಂದು ಹೇಳುವ ಮುನ್ನ ಒಮ್ಮೆ ಎದ್ದು ಕಪಾಟಿನವರೆಗೆ ಹೋಗಿಬರೋಣ.